ಒಳ್ಳೆಯ ವರ್ಷ, ಕೆಟ್ಟ ವರ್ಷ: ಬೆಳೆಯ ಇಳುವರಿ ಮತ್ತು ತಾಳಿಕೆಯ ವಿಜ್ಞಾನ

(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಾಡು, ನೃತ್ಯ, ನಾಟಕಗಳ ನಡುವೆ ಬೇಸಾಯದ ಬಗ್ಗೆ ಮಾತನಾಡುವವನಿಗೆ ಒಂದೇ ಒಂದು ಅನುಕೂಲ ಉಂಟು. ನನ್ನ ಭಾಷಣವನ್ನು ಕಾರ್ಯದರ್ಶಿಗಳು ಊಟಕ್ಕೆ ಮುಂಚೆ ಇಟ್ಟಿದ್ದಾರೆ. ಹಸಿದ ಸಭೆಗೆ ಅನ್ನದ ವಿಷಯ ಹೇಳುವುದು ಕಷ್ಟವಲ್ಲ. ಹೆಚ್ಚು ಹೊತ್ತು ಹೇಳುವುದು ಮಾತ್ರ ಕಷ್ಟ.

ನಮ್ಮೆಲ್ಲರ ಮನೆಯಲ್ಲೂ ಇರುವ ಸೋನಾ ಮಸೂರಿ ಅಕ್ಕಿಯಿಂದಲೇ ಆರಂಭಿಸೋಣ. ನಿಶಿ-ಕಸಾಯಿಯ ಭಾರತೀಯ ಅಂಗಡಿಗೆ ಹೋಗಿ ನಾವು ಹುಡುಕಿ ತರುವುದು ಇದನ್ನೇ. ಇಲ್ಲಿಯ ಅಂಟು ಅನ್ನ ಸಾರಿಗೆ ಒಗ್ಗುವುದಿಲ್ಲ, ಚಿತ್ರಾನ್ನಕ್ಕಂತೂ ಆಗುವುದೇ ಇಲ್ಲ ಎಂಬುದು ನಮ್ಮ ಗೃಹಿಣಿಯರ ಏಕಕಂಠದ ತೀರ್ಪು. ಆದರೆ ಈ ಮಸೂರಿಯ ವಂಶಾವಳಿ ತೆಗೆದು ನೋಡಿದರೆ ಆಶ್ಚರ್ಯ ಕಾದಿರುತ್ತದೆ. ಸೋನಾ ಎಂಬ ತಳಿಗೂ ಮಹಸೂರಿ ಎಂಬ ತಳಿಗೂ ಆಂಧ್ರದ ಬಾಪಟ್ಲದಲ್ಲಿ ಸಂಕರಣ ಮಾಡಿ ಪಡೆದದ್ದು ಸೋನಾ ಮಸೂರಿ. ಅದನ್ನು ಮನೆಮಾತಾಗಿಸಿದವರಲ್ಲಿ ನಮ್ಮ ಗಂಗಾವತಿ, ಸಿಂಧನೂರಿನ ರೈತರೂ ಇದ್ದಾರೆ. ಮಹಸೂರಿ ಎಂಬ ಹೆಸರಿಗೂ ಮೈಸೂರಿಗೂ ಸಂಬಂಧವಿಲ್ಲ; ಅದು ಮಲೇಷಿಯಾದ ಲಂಕಾವಿ ದ್ವೀಪದ ಐತಿಹ್ಯವೊಂದರ ನಾಯಕಿಯ ಹೆಸರು. 1950ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು ಒರಿಸ್ಸಾದ ಕಟಕ್‌ನಲ್ಲಿ ಭಾರತದ ಕಡೆಯ ಇಂಡಿಕಾ ಭತ್ತಕ್ಕೂ ಜಪಾನಿನ ಕಡೆಯ ಜಪಾನಿಕಾ ಭತ್ತಕ್ಕೂ ಸಂಕರಣ ಮಾಡುವ ದೊಡ್ಡ ಯೋಜನೆಯನ್ನು ನಡೆಸಿತು. ಅದರ ಸಂತಾನವೇ 1965ರಲ್ಲಿ ಮಲೇಷಿಯಾದಲ್ಲಿ ಬಿಡುಗಡೆಯಾದ ಮಹಸೂರಿ. ಅದರ ಒಬ್ಬ ಹಿರಿಯ ಮಲಯದ ಮಾಯಾಂಗ್ ಎಬೋಸ್, ಇನ್ನೊಬ್ಬ ಹಿರಿಯ ತೈಚುಂಗ್-65. ಈ ತೈಚುಂಗ್-65 ಅನ್ನು ಜಪಾನಿನ ಆಡಳಿತವಿದ್ದ ಕಾಲದ ತೈವಾನಿನಲ್ಲಿ, ಕಾಮೆಜಿ ಮತ್ತು ಶಿನ್‌ರಿಕಿ ಎಂಬ ಎರಡು ಅಪ್ಪಟ ಜಪಾನಿ ತಳಿಗಳಿಂದ ಪಡೆದದ್ದು. ಅಂದರೆ, ಜಪಾನಿ ಅಕ್ಕಿ ನಮಗೆ ಒಗ್ಗುವುದಿಲ್ಲವೆಂದು ನಾವು ಕೊಳ್ಳುವ ಅಕ್ಕಿಯಲ್ಲೇ ಜಪಾನಿನ ರಕ್ತ ಹರಿಯುತ್ತಿದೆ!

ಇದನ್ನು ತಮಾಷೆಗಾಗಿ ಮಾತ್ರ ಹೇಳಲಿಲ್ಲ. ಬೆಳೆಯ ಇಳುವರಿ ಹೆಚ್ಚಿಸುವ, ಅದಕ್ಕೆ ಬರ, ಚಳಿ, ಉಪ್ಪು, ಬಿಸಿಲನ್ನು ತಾಳುವ ಶಕ್ತಿ ಕೊಡುವ ವಿಜ್ಞಾನದಲ್ಲಿ ಜಪಾನಿಗೂ ನಮ್ಮ ನಾಡಿಗೂ ಹೀಗೆ ಕಣ್ಣಿಗೆ ಕಾಣದ ನಂಟು ಬಹಳ ಇದೆ. ಆ ನಂಟಿನ ಕಥೆಯನ್ನೂ, ಅದರಿಂದ ಇಂದು ನಮ್ಮೆದುರು ಎದ್ದಿರುವ ಒಂದು ಪ್ರಶ್ನೆಯನ್ನೂ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಇಳುವರಿಯ ವಿಷಯ. ಜಪಾನಿನ ರೈತರಿಗೆ ಹಿಂದಿನಿಂದಲೂ ಒಂದು ಪೀಡೆಯ ಪರಿಚಯವಿತ್ತು. ಸಸಿಮಡಿಯಲ್ಲಿ ಕೆಲವು ಪೈರು ಉಳಿದವನ್ನು ಮೀರಿ ಸರ್ರನೆ ಎತ್ತರಕ್ಕೆ ಬೆಳೆದು, ಪೇಲವವಾಗಿ, ಕಾಳು ಕಟ್ಟದೆ ಸಾಯುತ್ತಿದ್ದವು. ಇದನ್ನು ಅವರು ‘ಬಕಾನಾಎ’ ಎನ್ನುತ್ತಿದ್ದರು. ಪೆದ್ದು ಸಸಿ ಎಂದರ್ಥ. 1926ರಲ್ಲಿ ಕುರೊಸಾವ ಎಂಬ ವಿಜ್ಞಾನಿ, ಒಂದು ಶಿಲೀಂಧ್ರವು ಸ್ರವಿಸುವ ವಸ್ತುವೇ ಇದಕ್ಕೆ ಕಾರಣವೆಂದು ತೋರಿಸಿದರು. ಟೋಕಿಯೋ ವಿಶ್ವವಿದ್ಯಾಲಯದ ಯಾಬುತ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟು, 1938ರಲ್ಲಿ ಸುಮಿಕಿ ಅವರೊಡನೆ ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಇದು ಶಿಲೀಂಧ್ರದಲ್ಲಿ ಮಾತ್ರ ಇರುವ ವಸ್ತುವಲ್ಲ, ಗಿಡಗಳು ತಾವೇ ತಯಾರಿಸಿಕೊಳ್ಳುವ ಬೆಳವಣಿಗೆಯ ರಸ ಎಂಬುದು ಮುಂದೆ ತಿಳಿಯಿತು.

ಅದೇ ಕಾಲದಲ್ಲಿ ಉತ್ತರದ ಇವಾತೆಯ ಪ್ರಯೋಗ ಕ್ಷೇತ್ರದಲ್ಲಿ ಗೊಂಜಿರೊ ಇನಾಜುಕ ಎಂಬ ತಳಿ ತಜ್ಞರು ಗೋಧಿಯ ಮೇಲೆ ದುಡಿಯುತ್ತಿದ್ದರು. ‘ದಾರುಮ’ ಎಂಬ ನಾಡತಳಿಯ ಕುಳ್ಳತನವನ್ನು ಅಮೆರಿಕದ ಗೋಧಿಗೆ ಸೇರಿಸಿ ಅವರು ಪಡೆದ ನೊರಿನ್-10 ತಳಿ 1935ರಲ್ಲಿ ನೋಂದಣಿಯಾಯಿತು. ಕುಳ್ಳತನದಿಂದ ಏನು ಪ್ರಯೋಜನ? ಉದ್ದ ಗೋಧಿಗೆ ಗೊಬ್ಬರ ಹಾಕಿದರೆ ತೆನೆ ತೂಗುತ್ತದೆ, ಆದರೆ ದಂಟು ಆ ಭಾರ ತಾಳದೆ ನೆಲಕ್ಕೆ ಒರಗುತ್ತದೆ. ಕುಳ್ಳ ಗೋಧಿ ಗೊಬ್ಬರ ಉಂಡರೂ ನೆಟ್ಟಗೆ ನಿಲ್ಲುತ್ತದೆ. ದಂಟಿಗೆ ಹೋಗಬೇಕಾದ ಸತ್ವ ಕಾಳಿಗೆ ಹೋಗುತ್ತದೆ. ಯುದ್ಧಾನಂತರ, 1946ರಲ್ಲಿ ನೊರಿನ್-10ರ ಬೀಜ ಅಮೆರಿಕಕ್ಕೆ ಹೋಯಿತು. ಅಲ್ಲಿಂದ ಮೆಕ್ಸಿಕೋದಲ್ಲಿದ್ದ ನಾರ್ಮನ್ ಬೋರ್ಲಾಗ್ ಅವರ ಕೈಸೇರಿತು. 1960ರ ದಶಕದಲ್ಲಿ ಎಂ. ಎಸ್. ಸ್ವಾಮಿನಾಥನ್ ಮತ್ತು ಅವರ ಸಂಗಡಿಗರ ಪ್ರಯತ್ನದಿಂದ ಭಾರತಕ್ಕೆ ಬಂತು. 1966ರಲ್ಲಿ ಹದಿನೆಂಟು ಸಾವಿರ ಟನ್ ಬಿತ್ತನೆ ಬೀಜವನ್ನು ಭಾರತ ಆಮದು ಮಾಡಿಕೊಂಡಿತು. 1965ರಲ್ಲಿ ಸುಮಾರು 120 ಲಕ್ಷ ಟನ್ ಇದ್ದ ನಮ್ಮ ಗೋಧಿಯ ಬೆಳೆ 1970ರ ಹೊತ್ತಿಗೆ 200 ಲಕ್ಷ ಟನ್ ಮುಟ್ಟಿತು. ಭತ್ತದಲ್ಲೂ 1966ರ ಐಆರ್-8 ತಳಿಯಿಂದ ಇದೇ ಬಗೆಯ ಬದಲಾವಣೆಯಾಯಿತು.

ಈ ಕುಳ್ಳತನದ ಗುಟ್ಟೇನೆಂದು ತಿಳಿದದ್ದು ಬಹಳ ತಡವಾಗಿ. ಕುಳ್ಳ ಗೋಧಿ ಜಿಬ್ಬರೆಲಿನ್‌ನ ಮಾತಿಗೆ ಕಿವಿಗೊಡುವುದಿಲ್ಲ ಎಂಬುದು 1999ರಲ್ಲಿ ಅದರ ಜೀನ್ ಸಿಕ್ಕಾಗ ಸ್ಪಷ್ಟವಾಯಿತು. ಕುಳ್ಳ ಭತ್ತ ಜಿಬ್ಬರೆಲಿನ್ ಅನ್ನು ಸಾಕಷ್ಟು ತಯಾರಿಸುವುದಿಲ್ಲ ಎಂಬುದನ್ನು 2002ರಲ್ಲಿ ಸಂಬಂಧಪಟ್ಟ ಜೀನನ್ನು ಹಿಡಿದು ತೋರಿಸಿದ ಗುಂಪುಗಳಲ್ಲಿ ನಗೋಯಾ ವಿಶ್ವವಿದ್ಯಾಲಯದವರೂ ಇದ್ದರು. ಪೆದ್ದು ಸಸಿಯಲ್ಲಿ ಅತಿಯಾಗಿದ್ದ ರಸವೇ ಹಸಿರು ಕ್ರಾಂತಿಯ ಪೈರಿನಲ್ಲಿ ಅಂಕೆಗೆ ಸಿಕ್ಕಿತ್ತು. ಎರಡೂ ಒಂದೇ ನಾಣ್ಯದ ಎರಡು ಮುಖ.

ಆದರೆ ಬಂಧುಗಳೆ, ಈ ಕುಳ್ಳ ತಳಿಗಳು ಒಂದು ಕರಾರು ಹಾಕಿಯೇ ನಮ್ಮ ಮನೆಗೆ ಬಂದವು. ನೀರು ಕೊಡು, ಗೊಬ್ಬರ ಕೊಡು, ಫಸಲು ಕೊಡುತ್ತೇನೆ ಎಂಬುದೇ ಆ ಕರಾರು. ಕಾಲುವೆ ಇದ್ದಲ್ಲಿ ಅದು ನಡೆಯಿತು. ಕರ್ನಾಟಕದ ಸಾಗುವಳಿ ಭೂಮಿಯಲ್ಲಿ ಹೆಚ್ಚಿನ ಪಾಲು ಇಂದಿಗೂ ಮಳೆಯನ್ನೇ ನಂಬಿದೆ. ಕೋಲಾರ, ತುಮಕೂರು, ಚಿತ್ರದುರ್ಗದ ಹೊಲಗಳಿಗೆ ಆ ಕರಾರು ಅನ್ವಯಿಸುವುದಿಲ್ಲ. ಅಲ್ಲಿ ಬೇಕಾದದ್ದು ರಾಗಿ.

ರಾಗಿಯ ಹೂವು ಬಹಳ ಚಿಕ್ಕದು. ಪ್ರತಿಯೊಂದು ಹೂವೂ ತನ್ನಲ್ಲಿಯೇ ಪರಾಗಸ್ಪರ್ಶ ಮುಗಿಸಿಕೊಳ್ಳುತ್ತದೆ. ಹೀಗಾಗಿ ಎರಡು ತಳಿಗಳ ನಡುವೆ ಸಂಕರಣ ಮಾಡುವುದು ಕಣ್ಣಿಗೂ ಕೈಗೂ ತಾಳ್ಮೆಗೂ ಸವಾಲು. ಮಂಡ್ಯದ ವಿಶ್ವೇಶ್ವರಯ್ಯ ಕಾಲುವೆ ಫಾರಂನಲ್ಲಿ ಆ ಸವಾಲನ್ನು ಎತ್ತಿಕೊಂಡವರು ಲಕ್ಷ್ಮಣಯ್ಯನವರು. ಆಫ್ರಿಕಾದ ದಪ್ಪ ತೆನೆಯ ರಾಗಿಯನ್ನು ನಮ್ಮ ರಾಗಿಯೊಡನೆ ಸೇರಿಸಿ ಅವರು ಹೊರತಂದ ತಳಿಗಳಿಗೆ ಇಂಡಾಫ್ ಎಂದು ಹೆಸರಾಯಿತು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ವಿಜ್ಞಾನಿಯ ಹೆಸರಿನ ಹಿಂದೆ ಬೆಳೆಯ ಹೆಸರು ಬಿರುದಾಗಿ ನಿಲ್ಲುವುದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದಿದ್ದೀತು? ಇಂಡಾಫ್ ತಳಿಗಳಿಗೆ ಬೆಂಕಿರೋಗದ ಕಾಟ ಬಂದಾಗ, ಅವುಗಳ ವಂಶದಿಂದಲೇ ಬೆಂಗಳೂರಿನ ಜಿಕೆವಿಕೆಯಲ್ಲಿ ಜಿಪಿಯು-28 ಎಂಬ ರೋಗ ನಿರೋಧಕ ತಳಿ 1990ರ ದಶಕದಲ್ಲಿ ಬಂತು.

ಜಪಾನಿನಲ್ಲೂ ರಾಗಿ ಇತ್ತೆಂದರೆ ಮಕ್ಕಳು ನಂಬಲಾರರು. ಇಲ್ಲಿ ಅದರ ಹೆಸರು ‘ಶಿಕೊಕು-ಬಿಎ’. ಭತ್ತ ಬೆಳೆಯಲಾಗದ ಗುಡ್ಡಗಾಡಿನ ಹಳ್ಳಿಗಳಲ್ಲಿ ಬಡವರ ಕಾಳಾಗಿ ಬಹುಕಾಲ ಬಾಳಿತು. ಕೆಲವು ಕಡೆ ಸಸಿ ಬೆಳೆಸಿ ನಾಟಿ ಮಾಡುವ ಪದ್ಧತಿಯೂ ಇತ್ತು, ನಮ್ಮ ಹಾವೇರಿ ಕಡೆಯ ಗುಳಿ ರಾಗಿಯಂತೆ. ಬಿಳಿ ಅಕ್ಕಿ ಎಲ್ಲರಿಗೂ ಸಿಗುವಂತಾದ ಮೇಲೆ ಅದು ಹೆಚ್ಚುಕಡಿಮೆ ಮರೆಯಾಯಿತು. ಆದರೆ ನಂಟು ಕಡಿದುಹೋಗಲಿಲ್ಲ. 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು ರಾಗಿಯ ಜೀನೋಮನ್ನು, ಎಂದರೆ ಅದರ ವಂಶವಾಹಿ ಬರಹವನ್ನು, ಪ್ರಕಟಿಸಿದರು. ಮರುವರ್ಷ ಜೂರಿಕ್ ವಿಶ್ವವಿದ್ಯಾಲಯದ ಜಪಾನಿ ವಿಜ್ಞಾನಿಗಳೂ ಬೆಂಗಳೂರಿನವರೂ ಕೂಡಿ ಇನ್ನೊಂದು ರಾಗಿ ತಳಿಯ ಜೀನೋಮನ್ನು ಓದಿದರು. ಅದು ಅಚ್ಚಾದದ್ದು ನಮ್ಮ ಪಕ್ಕದ ಚಿಬಾದ ಕಜುಸಾ ಡಿಎನ್‌ಎ ಸಂಸ್ಥೆಯ ಪತ್ರಿಕೆಯಲ್ಲಿ.

ಇನ್ನು ತಾಳಿಕೆಯ ವಿಷಯ. ಇಲ್ಲಿ ಹಳಬರಾದವರಿಗೆ 1993ರ ಬೇಸಿಗೆ ನೆನಪಿರಬೇಕು. ಬೇಸಿಗೆ ಎನ್ನುವಂತೆಯೇ ಇರಲಿಲ್ಲ. ಪೆಸಿಫಿಕ್ ಕಡೆಯಿಂದ ಬೀಸುವ ‘ಯಾಮಾಸೆ’ ಎಂಬ ತಂಪು ಗಾಳಿ ಈಶಾನ್ಯ ಜಪಾನನ್ನು ಬಿಡದೆ ಕಾಡಿತು. ಸಾಮಾನ್ಯ ವರ್ಷದ ಬೆಳೆಯನ್ನು 100 ಎಂದು ಹಿಡಿದರೆ ಆ ವರ್ಷ ದೇಶಕ್ಕೆ ದಕ್ಕಿದ್ದು 74, ಅಒಮೊರಿಯಲ್ಲಂತೂ 28. ಅಕ್ಕಿಯ ವಿಷಯದಲ್ಲಿ ಸ್ವಾವಲಂಬಿಯೆಂದು ಹೆಮ್ಮೆ ಪಡುತ್ತಿದ್ದ ದೇಶ ಸುಮಾರು 26 ಲಕ್ಷ ಟನ್ ಅಕ್ಕಿಯನ್ನು ತುರ್ತಾಗಿ ತರಿಸಿಕೊಂಡಿತು. ಥಾಯ್ ಅಕ್ಕಿಯನ್ನು ಜಪಾನಿಯರು ಗೊಣಗುತ್ತ ತಿಂದರೆ, ನಮ್ಮವರು ಸಂತೋಷದಿಂದ ತಿಂದಿರಬೇಕು.

ಚಳಿಯಿಂದ ಬೆಳೆ ಹೋಗುವುದು ಹೇಗೆ? ತೆನೆ ಹೊರಬರುವ ಹತ್ತು ಹನ್ನೆರಡು ದಿನಗಳ ಮೊದಲು ದಂಟಿನ ಒಳಗೇ ಪರಾಗ ಹುಟ್ಟುತ್ತಿರುತ್ತದೆ. ಆ ಕೆಲವು ದಿನ 20 ಡಿಗ್ರಿಗಿಂತ ಕೆಳಗಿನ ಚಳಿ ಪಟ್ಟಾಗಿ ಹಿಡಿದರೆ ಪರಾಗ ನಿರ್ಜೀವವಾಗುತ್ತದೆ. ಹೊರಗೆ ಗಿಡ ಹಸಿರಾಗಿಯೇ ಕಾಣುತ್ತದೆ. ಕೊಯ್ಲಿನಲ್ಲಿ ನೋಡಿದರೆ ಬರೀ ಜೊಳ್ಳು. ಇದಕ್ಕೆ ಇಲ್ಲಿಯವರು ಎರಡು ಉಪಾಯ ಕಂಡುಕೊಂಡರು. ಒಂದು, ಆ ದಿನಗಳಲ್ಲಿ ಗದ್ದೆಯ ನೀರನ್ನು ಗೇಣುದ್ದಕ್ಕೆ ಏರಿಸುವುದು. ಗಾಳಿಗಿಂತ ನೀರು ಬೆಚ್ಚಗಿರುವುದರಿಂದ ಒಳಗಿನ ಎಳೆ ತೆನೆಗೆ ಕಂಬಳಿ ಹೊದಿಸಿದಂತಾಗುತ್ತದೆ. ಇನ್ನೊಂದು, ತಳಿಯ ಆಯ್ಕೆ. ಮಿಯಾಗಿಯ ಫುರುಕಾವಾ ಪ್ರಯೋಗ ಕ್ಷೇತ್ರದಲ್ಲಿ ಸುಮಾರು 19 ಡಿಗ್ರಿಯ ತಣ್ಣೀರನ್ನು ಗದ್ದೆಯಲ್ಲಿ ಹರಿಸಿ, ಸಾವಿರಾರು ಪೈರುಗಳನ್ನು ಅದರಲ್ಲಿ ನಿಲ್ಲಿಸಿ, ಯಾವುದು ಕಾಳು ಕಟ್ಟುತ್ತದೆಂದು ವರ್ಷ ವರ್ಷವೂ ಪರೀಕ್ಷಿಸಿದರು. ಅದೇ ಕ್ಷೇತ್ರದ 1963ರ ಸಾಸಾನಿಶಿಕಿ ರುಚಿಗೆ ಹೆಸರಾಗಿತ್ತು, ಆದರೆ ಚಳಿಗೆ ಅಳುಕುತ್ತಿತ್ತು. 1991ರ ಹಿತೊಮೆಬೊರೆ ರುಚಿಯನ್ನೂ ಬಿಡದೆ ಚಳಿಯನ್ನೂ ತಾಳುವಂತಿತ್ತು. 1993ರ ಪರೀಕ್ಷೆಯಲ್ಲಿ ಎರಡರ ವ್ಯತ್ಯಾಸ ರೈತರ ಕಣ್ಣಿಗೆ ಕಟ್ಟಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸಾಸಾನಿಶಿಕಿಯ ಜಾಗವನ್ನು ಹಿತೊಮೆಬೊರೆ ಪಡೆಯಿತು.

ಈಗ ಕಾಲ ತಿರುಗಿದೆ. ಇಂದಿನ ಶತ್ರು ಚಳಿಯಲ್ಲ, ಬಿಸಿಲು. ತೆನೆ ಬಂದ ಮೇಲಿನ ಇಪ್ಪತ್ತು ದಿನಗಳ ಸರಾಸರಿ ಉಷ್ಣಾಂಶ 26-27 ಡಿಗ್ರಿ ದಾಟಿದರೆ ಕಾಳಿನೊಳಗೆ ಪಿಷ್ಟ ಒತ್ತಾಗಿ ಕೂರುವುದಿಲ್ಲ. ಅಕ್ಕಿ ಸುಣ್ಣದಂತೆ ಬೆಳ್ಳಗಾಗಿ, ಗಿರಣಿಯಲ್ಲಿ ನುಚ್ಚಾಗುತ್ತದೆ. 2023ರ ಬೇಸಿಗೆಯಲ್ಲಿ ನೀಗಾತಾದ ಹೆಮ್ಮೆಯ ಕೊಶಿಹಿಕಾರಿಯಲ್ಲಿ ಮೊದಲ ದರ್ಜೆ ಪಡೆದದ್ದು ಶೇಕಡಾ 5ರ ಆಸುಪಾಸು ಮಾತ್ರ. ಅದೇ ವರ್ಷ ಕರ್ನಾಟಕದಲ್ಲಿ ಮುಂಗಾರು ಕೈಕೊಟ್ಟು ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. 2024ರ ಆಗಸ್ಟ್‌ನಲ್ಲಿ ಇಲ್ಲಿಯ ಅಂಗಡಿಗಳಲ್ಲಿ ಅಕ್ಕಿಯ ಕಪಾಟುಗಳು ಬರಿದಾದದ್ದನ್ನೂ, 2025ರ ವಸಂತದಲ್ಲಿ ಐದು ಕಿಲೋ ಚೀಲ ನಾಲ್ಕು ಸಾವಿರ ಯೆನ್ ದಾಟಿ, ಸರಕಾರ ತನ್ನ ದಾಸ್ತಾನನ್ನು ಹೊರತೆಗೆದದ್ದನ್ನೂ ನಾವೆಲ್ಲ ಕಂಡೆವು. ನೀಗಾತಾದ ಶಿನ್ನೊಸುಕೆ, ಕ್ಯೂಶೂವಿನ ನಿಕೊಮಾರು ಮುಂತಾದ ಬಿಸಿಲು ತಾಳುವ ತಳಿಗಳು ಈಗ ಗದ್ದೆಗೆ ಬರುತ್ತಿವೆ. ಕಾಡುಭತ್ತದ ಒಂದು ಗುಣವನ್ನು ಸೇರಿಸಿ, ಬಿಸಿಲೇರುವ ಮೊದಲೇ ಮುಂಜಾನೆ ಹೂ ಅರಳಿಸುವ ಭತ್ತವನ್ನೂ ವಿಜ್ಞಾನಿಗಳು ರೂಪಿಸಿದ್ದಾರೆ.

ಬರದ ವಿಷಯದಲ್ಲಿ ತ್ಸುಕುಬಾದಲ್ಲಿ ನಡೆದ ಕೆಲಸ ಜಗತ್ಪ್ರಸಿದ್ಧ. ಕಾಜುಒ ಶಿನೊಜಾಕಿ ಮತ್ತು ಕಾಜುಕೊ ಯಾಮಾಗುಚಿ-ಶಿನೊಜಾಕಿ ದಂಪತಿಗಳು 1990ರ ದಶಕದಲ್ಲಿ, ನೀರು ಕಡಿಮೆಯಾದಾಗ ಗಿಡದ ರಕ್ಷಣಾ ಜೀನ್‌ಗಳನ್ನೆಲ್ಲ ಒಟ್ಟಿಗೆ ಎಬ್ಬಿಸುವ ‘ಡ್ರೆಬ್’ ಎಂಬ ಮುಖ್ಯ ಗುಂಡಿಯನ್ನು ಪತ್ತೆಹಚ್ಚಿದರು. ಆ ಗುಂಡಿಯನ್ನು ಸದಾ ಒತ್ತಿಯೇ ಇಟ್ಟರೆ ಗಿಡ ಬರ ತಾಳಿತು, ಆದರೆ ಬೆಳೆಯಲಿಲ್ಲ. ಮಳೆ ಬರಲಿ ಬಿಡಲಿ ಕೊಡೆ ಬಿಚ್ಚಿಕೊಂಡೇ ಉಳುವವನ ಪಾಡು ಅದರದು. 1999ರಲ್ಲಿ ಅವರು, ಬರ ಬಂದಾಗ ಮಾತ್ರ ಗುಂಡಿ ಒತ್ತಿಕೊಳ್ಳುವಂತೆ ಮಾಡಿ ಈ ತೊಡಕನ್ನು ಬಿಡಿಸಿದರು. ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆ ಇದನ್ನು ಕಡಲೆಕಾಯಿ ಗಿಡದಲ್ಲಿ ಪ್ರಯೋಗಿಸಿ ನೋಡಿತು. ಈ ಕೆಲಸ ಕಲಿಸುವ ಪಾಠ ದೊಡ್ಡದು. ತಾಳಿಕೆ ಪುಕ್ಕಟೆ ಬರುವುದಿಲ್ಲ. ಅದಕ್ಕೆ ಬೆಲೆ ಇದೆ. ನಮ್ಮ ರಾಗಿ ಈ ಲೆಕ್ಕವನ್ನು ಮೊದಲೇ ಬಲ್ಲದು. ಮಳೆ ನಿಂತರೆ ಮುದುಡಿ ಕೂರುತ್ತದೆ, ಒಂದು ಹದ ಮಳೆ ಬಿದ್ದರೆ ಎದ್ದು ನಿಲ್ಲುತ್ತದೆ.

ಇನ್ನೊಂದು ದಾರಿ ಬೇರಿನದು. ತ್ಸುಕುಬಾದ ಊಗಾ ಮತ್ತು ಸಂಗಡಿಗರು 2013ರಲ್ಲಿ, ಬೇರನ್ನು ಅಗಲಕ್ಕೆ ಬಿಡದೆ ಆಳಕ್ಕೆ ಇಳಿಸುವ ಜೀನೊಂದನ್ನು ಫಿಲಿಪೀನ್ಸಿನ ಗುಡ್ಡದ ಭತ್ತದಿಂದ ಪಡೆದು ಐಆರ್-64ಕ್ಕೆ ಸೇರಿಸಿದರು. ಬೆಂಗಳೂರಿನ ಜಿಕೆವಿಕೆಯಲ್ಲಿ ಎಚ್. ಇ. ಶಶಿಧರ ಮತ್ತು ಸಂಗಡಿಗರು ಅದಕ್ಕೂ ಮೊದಲೇ ಭತ್ತದ ಬೇರಿನ ಬೆನ್ನು ಹತ್ತಿದ್ದರು. ರಾಗಿಯಂತೆ ಬಿತ್ತಿ, ಗದ್ದೆಯಲ್ಲಿ ನೀರು ನಿಲ್ಲಿಸದೆ ಬೆಳೆಯಬಹುದಾದ ಏರೋಬಿಕ್ ಭತ್ತದ ತಳಿಗಳು ಅಲ್ಲಿಂದ ರೈತರಿಗೆ ಬಂದವು. ಕಾವೇರಿ ನೀರಿನ ಜಗಳ ನೋಡಿ ಬೆಳೆದ ನಮಗೆ ಅದರ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಉಪ್ಪಿನ ವಿಷಯ ಬಂದರೆ 2011ರ ಮಾರ್ಚ್ ನೆನಪಾಗುತ್ತದೆ. ಅಂದಿನ ಸುನಾಮಿಯಲ್ಲಿ ಇಪ್ಪತ್ತು ಸಾವಿರ ಹೆಕ್ಟೇರಿಗೂ ಮಿಕ್ಕಿದ ಸಾಗುವಳಿ ಭೂಮಿ ಸಮುದ್ರದ ನೀರಿನಲ್ಲಿ ಮುಳುಗಿತು. ಅವಶೇಷ ತೆಗೆದು, ಪಂಪು ದುರಸ್ತಿ ಮಾಡಿ, ಸಿಹಿನೀರು ಹಾಯಿಸಿ ಹಾಯಿಸಿ ಉಪ್ಪನ್ನು ತೊಳೆದು ಆ ಗದ್ದೆಗಳನ್ನು ಮತ್ತೆ ಹಸಿರು ಮಾಡಿದವರಿಗೆ ನಾವು ಕೈಮುಗಿಯಬೇಕು. ನಮ್ಮ ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಕಡಲು ಸೇರುವಲ್ಲಿ, ಉಪ್ಪುನೀರಿನೊಡನೆ ತಲೆಮಾರುಗಳಿಂದ ಬದುಕುತ್ತಿರುವ ಭತ್ತವೊಂದಿದೆ. ಅದರ ಹೆಸರು ಕಗ್ಗ. ಮಾಣಿಕಟ್ಟಾದ ಸುತ್ತಿನ ಗಜನಿ ಗದ್ದೆಗಳಲ್ಲಿ ಗೊಬ್ಬರವಿಲ್ಲದೆ ಬೆಳೆಯುತ್ತದೆ. ನೆರೆಗೂ ಉಪ್ಪಿಗೂ ಜಗ್ಗದು. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಇಳುವರಿ ಕಡಿಮೆಯೆಂದು, ಸಿಗಡಿಯಲ್ಲಿ ಲಾಭ ಹೆಚ್ಚೆಂದು ಅದರ ವಿಸ್ತೀರ್ಣ ಕುಗ್ಗಿದೆ. ಒಳ್ಳೆಯ ವರ್ಷದ ಲೆಕ್ಕದಲ್ಲಿ ಕಗ್ಗ ಸೋಲುತ್ತದೆ. ಆದರೆ ಕಡಲು ಏರುತ್ತಿರುವ ಕಾಲದಲ್ಲಿ ಅದರಲ್ಲಿರುವ ಗುಣವನ್ನು ಕಳೆದುಕೊಂಡರೆ ಯಾವ ಪ್ರಯೋಗಶಾಲೆಯೂ ಅದನ್ನು ಶೂನ್ಯದಿಂದ ಸೃಷ್ಟಿಸಲಾರದು. ದಾರುಮ ಗೋಧಿಯನ್ನು ಯಾರೋ ಹಳ್ಳಿಗರು ಉಳಿಸಿಕೊಂಡಿದ್ದರಿಂದ ಇನಾಜುಕ ಅವರಿಗೆ ಕುಳ್ಳತನ ಸಿಕ್ಕಿತು ಎಂಬುದನ್ನು ಮರೆಯಬಾರದು.

ಇಲ್ಲಿಗೆ ನನ್ನ ಪ್ರಶ್ನೆಗೆ ಬರುತ್ತೇನೆ. 2005ರಲ್ಲಿ ನಗೋಯಾದ ಅಶಿಕಾರಿ, ಮತ್ಸುಒಕಾ ಮತ್ತು ಸಂಗಡಿಗರು ತೆನೆಯಲ್ಲಿ ಕಾಳಿನ ಸಂಖ್ಯೆಯನ್ನು ನಿಯಂತ್ರಿಸುವ ಜೀನೊಂದನ್ನು ಗುರುತಿಸಿದರು. ಅದು ದುರ್ಬಲವಾದರೆ ಕಾಳು ಹೆಚ್ಚು. 2025ರ ಮೇ ತಿಂಗಳಲ್ಲಿ ಭಾರತ ಸರಕಾರ ಘೋಷಿಸಿದ ಎರಡು ಜೀನೋಮ್ ಸಂಪಾದಿತ ಭತ್ತಗಳಲ್ಲಿ ಒಂದಾದ ‘ಕಮಲಾ’ದಲ್ಲಿ ತಿದ್ದಿರುವುದು ಇದೇ ಜೀನನ್ನು. ಹೈದರಾಬಾದಿನಲ್ಲಿ ತಿದ್ದಿದ ಆ ಮೂಲ ತಳಿ ಸಾಂಬಾ ಮಸೂರಿ. ಅದೂ ಮಹಸೂರಿಯ ಮಗುವೇ. ಎರಡನೆಯ ಭತ್ತ ಬರ ಮತ್ತು ಉಪ್ಪನ್ನು ತಾಳಲೆಂದು ರೂಪಿಸಿದ್ದು. ಇವುಗಳ ಬಗ್ಗೆ ಚರ್ಚೆ ನಡೆದಿದೆ, ನಡೆಯಲಿ. ಗದ್ದೆಯಲ್ಲಿ ಹಲವು ವರ್ಷ ಪರೀಕ್ಷೆಯಾಗಲಿ, ಅಂಕಿ ಅಂಶ ಎಲ್ಲರ ಮುಂದೆ ಇರಲಿ. ವಿಜ್ಞಾನವನ್ನು ಕುರುಡಾಗಿ ನಂಬುವುದೂ ಬೇಡ, ಕುರುಡಾಗಿ ಬೈಯುವುದೂ ಬೇಡ.

ನನಗೆ ಹೆಚ್ಚು ಕಾಡುವುದು ಬೀಜ ಯಾರದು ಎಂಬ ಪ್ರಶ್ನೆ. ಜಪಾನಿನಲ್ಲಿ ಭತ್ತ, ಗೋಧಿ, ಸೋಯಾಗಳ ಒಳ್ಳೆಯ ಬೀಜ ಒದಗಿಸುವ ಹೊಣೆಯನ್ನು ಪ್ರಾಂತಗಳ ಮೇಲೆ ಹೊರಿಸಿದ್ದ 1952ರ ಕಾಯಿದೆ 2018ರಲ್ಲಿ ರದ್ದಾಯಿತು; ಹಲವು ಪ್ರಾಂತಗಳು ತಮ್ಮದೇ ನಿಯಮ ಮಾಡಿಕೊಂಡು ಆ ಕೆಲಸ ಮುಂದುವರಿಸಿವೆ. 2022ರಿಂದ ನೋಂದಾಯಿತ ಹೊಸ ತಳಿಯ ಬೀಜವನ್ನು ರೈತ ತಾನೇ ಉಳಿಸಿಕೊಂಡು ಬಿತ್ತಲು ತಳಿಯ ಹಕ್ಕುದಾರರ ಅನುಮತಿ ಬೇಕು. ನಮ್ಮ ದೇಶದ 2001ರ ಕಾಯಿದೆ ಬೀಜ ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ರೈತನಿಗೆ ಬಿಟ್ಟಿದೆ. ತಳಿ ರೂಪಿಸಿದವನಿಗೆ ಪ್ರತಿಫಲ ಬೇಕು, ನಿಜ. ಆದರೆ ತೈಚುಂಗ್-65, ನೊರಿನ್-10, ಇಂಡಾಫ್ ಇವೆಲ್ಲ ಜನರ ಹಣದಿಂದ ನಡೆದ ಕ್ಷೇತ್ರಗಳಲ್ಲಿ ಹುಟ್ಟಿ, ಗಡಿ ದಾಟಿ, ಕೈಯಿಂದ ಕೈಗೆ ಹೋದುದರಿಂದಲೇ ಕೋಟ್ಯಂತರ ಜನರ ಹಸಿವು ನೀಗಿತು. ಆ ಬಾಗಿಲು ಮುಚ್ಚಬಾರದು.

ಕೊನೆಯದಾಗಿ ಒಂದು ಮಾತು. 2023ರಲ್ಲಿ ಜಪಾನಿನ ರೈತರ ಸರಾಸರಿ ವಯಸ್ಸು 68 ದಾಟಿತ್ತು. ನಮ್ಮ ಹಳ್ಳಿಗಳಲ್ಲೂ ಯುವಕರು ಹೊಲ ಬಿಡುತ್ತಿದ್ದಾರೆ. ಆ ಹೊಲ ಬಿಟ್ಟು ಬಂದವರ ಮಕ್ಕಳು ಮೊಮ್ಮಕ್ಕಳೇ ಈ ಸಭೆಯಲ್ಲಿ ಬಹುಮಂದಿ. ಎಂಥ ಬೀಜ ಬಂದರೂ ಬಿತ್ತುವ ಕೈ ಇಲ್ಲದಿದ್ದರೆ ಫಲವಿಲ್ಲ. ಊರಿನಲ್ಲಿ ಜಮೀನಿರುವವರು ಅದನ್ನು ಬೀಳು ಬಿಡಬೇಡಿ. ನೋಡಿಕೊಳ್ಳುವವರನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಪರಿಚಯಿಸಿ. ಮನೆಯ ಹಿರಿಯರು ಯಾವ ರಾಗಿ, ಯಾವ ಭತ್ತ ಬಿತ್ತುತ್ತಿದ್ದರು ಎಂದು ಕೇಳಿ ಬರೆದಿಡಿ. ಇಲ್ಲಿ ಶಾಲೆಯವರು ಮಕ್ಕಳನ್ನು ಭತ್ತದ ನಾಟಿಗೆ ಕರೆದೊಯ್ದರೆ, ಬಟ್ಟೆ ಕೆಸರಾಯಿತೆಂದು ಬೇಸರಿಸಬೇಡಿ. ಇನ್ನು ಮೇಲೆ ಯಾರಾದರೂ ಹೊಸ ತಳಿಯ ಇಳುವರಿಯನ್ನು ಹೊಗಳಿದರೆ, ಒಳ್ಳೆಯ ವರ್ಷದಲ್ಲಿ ಎಷ್ಟು ಬಂತೆಂದು ಕೇಳಿ ಸುಮ್ಮನಾಗಬೇಡಿ. ಕೆಟ್ಟ ವರ್ಷದಲ್ಲಿ ಎಷ್ಟು ಉಳಿಯಿತೆಂದೂ ಕೇಳಿ. ರೈತನ ಸಂಸಾರ ನಿಲ್ಲುವುದು ಆ ಎರಡನೆಯ ಉತ್ತರದ ಮೇಲೆ.